ಕಪಾಟಿಗೆ ನೆರಳು ಹಾಕಿಸಿದ್ದು

ಶಾಲೆಯಿಂದ ಬಂದ ಕಾಗದವನ್ನು ಬೆಂಕಿಪೊಟ್ಟಣ ಮೂರು ಸಲ ಓದಿದ. ಮೂರನೆಯ ಸಲ ಓದುವಾಗ ಕಿವಿಸಂದಿಯ ಪೆನ್ಸಿಲ್ ತೆಗೆದು ಲಟಕ್ಕನೆ ಎರಡು ತುಂಡು ಮಾಡಿದ.

(ಬೆಂಕಿಪೊಟ್ಟಣ ಅಂದರೆ ಆ ಬೀದಿಯ ಬಡಗಿ. ಹೆತ್ತವರಿಟ್ಟ ಹೆಸರು ಬೇರೆಯೇ ಇದೆ. ಆದರೆ ಗೀರಿದರೆ ಸಾಕು ಭಗ್ಗೆನ್ನುವ ಮನುಷ್ಯನನ್ನು ಆ ಸೌಮ್ಯ ಹೆಸರಿನಿಂದ ಯಾರು ಕರೆದಾರು?)

ಕಾಗದದಲ್ಲಿ ಇದ್ದದ್ದು ಇಷ್ಟೇ. ಶಾಲೆಯ ಲೈಬ್ರರಿಗೆ ಹನ್ನೆರಡು ಕಪಾಟು ಬೇಕು. ಕೆಲಸ ಬೇಕಾದವರು ಶನಿವಾರ ಬೆಳಿಗ್ಗೆ ಬಂದು, ಹತ್ತು ನಿಮಿಷ, ಪರದೆಯ ಮೇಲೆ ಪ್ರೆಸೆಂಟೇಷನ್ ತೋರಿಸಬೇಕು.

"ಮೂವತ್ತು ವರ್ಷ ಮರ ಕೊಯ್ದವನು ನಾನು! ಕಪಾಟು ನೋಡ್ಬೇಕಾ, ಅಂಗಡಿಗೆ ಬರ್ಲಿ. ಬಾಗಿಲು ತೆಗೆದು ಹಾಕಿ ನೋಡ್ಲಿ. ಪರದೆ ಮೇಲೆ ತೋರಿಸೋಕೆ ಇದೇನು ಸಿನಿಮಾನಾ? ನಾಳೆ ಅಡುಗೆಯವನನ್ನ ಕರೆದು, ರುಚಿ ಹೇಗಿದೆ ಹಾಡಿ ತೋರಿಸು ಅಂತಾರೆ!"

ಕೂಗಾಡಿದರೂ ಒಳಗೊಳಗೇ ಅವನಿಗೆ ಪುಕಪುಕ. ಆರು ತಿಂಗಳಿಂದ ಬೀದಿಯ ಕೆಲಸವೆಲ್ಲ ಪಕ್ಕದ ಬೀದಿಯ ಬಡಗಿ ಪ್ಲೈವುಡ್‌ನ ಪಾಲಾಗಿತ್ತು. (ಅವನಿಗೂ ಹೆಸರಿದೆ. ಅದನ್ನು ಈ ಮನೆಯಲ್ಲಿ ಎತ್ತುವಂತಿಲ್ಲ.) ಇದೂ ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ.

ಅವನ ಹೆಂಡತಿ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವವಳು. ಕಂಪ್ಯೂಟರ್ ಅಂದರೆ ಅವಳಿಗೆ ಅಂಗೈ ಗೆರೆ.

"ಕೂಗಿದ್ರೆ ಪ್ರೆಸೆಂಟೇಷನ್ ಆಗಲ್ಲ ರೀ. ನಾನು ಮಾಡ್ಕೊಡ್ತೀನಿ. ಆದ್ರೆ ಅಡುಗೆಮನೆ ಕಪಾಟಿನ ಬಾಗಿಲು ಒಂದೇ ಕೀಲಿನ ಮೇಲೆ ನೇತಾಡೋಕೆ ಶುರುವಾಗಿ ಏಳು ವರ್ಷ ಆಯ್ತು."

"ಸರಿ ಮಾಡ್ತೀನಿ ಅಂತ ಹೇಳಿಲ್ವಾ?"

"ಹಾಗೆ ಹೇಳಿ ಏಳು ವರ್ಷ ಆಯ್ತು ಅಂತಾನೇ ನಾನೂ ಹೇಳ್ತಿರೋದು."

ಅವಳು ಒಂದು ಉದ್ದನೆಯ ಚೌಕ ಎಳೆದಳು, ಕಂದು ಬಣ್ಣ ತುಂಬಿದಳು, ಒಳಗೆ ಐದು ಅಡ್ಡಗೆರೆ ಹಾಕಿದಳು. "ಆಯ್ತು."

"ಇದು ಕಪಾಟಾ? ಬೆಂದ ಇಟ್ಟಿಗೆ! ಜೀವಾನೇ ಇಲ್ಲ."

ಬಾಯಿ ಸುಮ್ಮನಿರದೆ ಅವಳು, "ಬೇಕಾದ್ರೆ ಶೇಪ್‌ಗೆ ಎಫೆಕ್ಟ್ ಹಾಕ್ಬಹುದು. ಇದು ನೆರಳು," ಅಂದು ಒಂದು ಗುಂಡಿ ಒತ್ತಿದಳು. ಇಟ್ಟಿಗೆಯ ಹಿಂದೆ ಬೂದುಬಣ್ಣದ ನೆರಳು ಮೂಡಿತು. ಅಲ್ಲಿಗೆ ಅವಳ ಮುಂದಿನ ಮೂರು ದಿನದ ನೆಮ್ಮದಿ ಹಾಳಾಯಿತು.

"ಬೆಳಕು ಯಾವ ಕಡೆಯಿಂದ ಬರ್ತಿದೆ?"

"ಕಂಪ್ಯೂಟರ್ ಕಡೆಯಿಂದ."

"ತಮಾಷೆ ಬೇಡ. ಲೈಬ್ರರಿ ಕಿಟಕಿ ಎಡಕ್ಕಿರೋದು. ನೀನು ನೆರಳನ್ನೂ ಎಡಕ್ಕೇ ಹಾಕಿದ್ದೀಯ. ಸೂರ್ಯ ಏನು ನಿನ್ನ ಅಂಗಡಿ ಆಳಾ?"

ಮಹಾಶಯ ಅಷ್ಟಕ್ಕೇ ಬಿಡಲಿಲ್ಲ. ಟೇಪು, ಮೂಲೆಮಟ್ಟ ಹಿಡಿದು ಶಾಲೆಗೇ ಹೋಗಿ, ಕಿಟಕಿಯ ಬಿಸಿಲು ಬೀಳುವ ಕೋನ ಅಳೆದು ಬಂದ. ನಲವತ್ತು ಡಿಗ್ರಿ! ಅವಳು ನೆರಳಿನ ಕೋನವನ್ನು ನಲವತ್ತಕ್ಕೆ ತಂದಳು. ಅಂಚು ಮಂಜಾಗಿಸು ಅಂದ, ಮಂಜಾಗಿಸಿದಳು. ದೂರ ಸರಿಸು ಅಂದ, ಸರಿಸಿದಳು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುತ್ತ ನೆರಳು ಕಪಾಟಿನಿಂದ ಒಂದು ಗೇಣು ಆಚೆ ಹೋಯಿತು.

"ಆಹಾ! ಈಗ ನಿಂತ್ಕೊಳ್ತು ನೋಡು."

"ನಿಂತಿಲ್ಲ ರೀ, ಹಾರ್ತಿದೆ."

ಆಮೇಲೆ ಬೆವೆಲ್. ಅಂಚನ್ನು ಉಬ್ಬಿಸಿ ದುಂಡಗೆ ಮಾಡುವ ಎಫೆಕ್ಟ್. ಜೀವಮಾನವಿಡೀ ಉಪ್ಪುಕಾಗದ ಹಿಡಿದು ಅಂಚು ತಿಕ್ಕಿದವನಿಗೆ, ಬೆರಳ ತುದಿಯಲ್ಲಿ ಒತ್ತಿದರೆ ಹಲಗೆ ನುಣ್ಣಗಾಗುವುದು ಕಂಡು ಕಣ್ಣಲ್ಲಿ ನೀರೇ ಬಂತು. ಐದೂ ಅಡ್ಡಗೆರೆಗಳ ಅಂಚನ್ನು ದುಂಡಗೆ ಮಾಡಿಸಿದ. ಸುತ್ತ ಹಳದಿ ಪ್ರಭೆ ಬರಿಸಿದ. ಬುಡದಲ್ಲಿ ಪ್ರತಿಬಿಂಬ ಬೀಳಿಸಿದ. ಕೊನೆಗೆ ಅಂಚು ಕರಗಿಸುವ ಎಫೆಕ್ಟ್ ಹಾಕಿಸಿದಾಗ, ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅವನ ಅಮ್ಮ ಕತ್ತೆತ್ತಿ ನೋಡಿದಳು.

"ಏನೋ ಮಗಾ, ಅಂಚೆಲ್ಲ ಗೆದ್ದಲು ತಿಂದಿದೆಯಲ್ಲೋ?"

ಬಡಗಿಯ ಮನೆಯಲ್ಲಿ ಆಡಬಾರದ ಮಾತದು. ಆ ಎಫೆಕ್ಟನ್ನು ತಕ್ಷಣ ತೆಗೆಸಿದ. ಉಳಿದವು ಉಳಿದವು.

ಶನಿವಾರ ಬಂತು. ಲೈಬ್ರರಿಯ ಗೋಡೆಗೆ ಪರದೆ ಕಟ್ಟಿದ್ದರು. ಎದುರಿಗೆ ಕೂತ ಹೆಡ್‌ಮಿಸ್ಟ್ರೆಸ್ ಒಂದು ಕಾಲಕ್ಕೆ ಗಣಿತ ಪಾಠ ಹೇಳುತ್ತಿದ್ದವರಂತೆ. ಮೂಗಿನ ಮೇಲೆ ಕನ್ನಡಕ, ತೊಡೆಯ ಮೇಲೆ ನೋಟ್‌ಬುಕ್ಕು. ಪ್ಲೈವುಡ್ ಮೊದಲು ತೋರಿಸಿದ: ನಾಲ್ಕು ಚೌಕ, ನಾಲ್ಕು ಮಾತು. ಹೆಡ್‌ಮಿಸ್ಟ್ರೆಸ್ ಆಕಳಿಸಿದರು. ನಂತರ ಇವನ ಸರದಿ. ಹೆಂಡತಿ ಗುಂಡಿ ಒತ್ತಿದಳು.

ಪರದೆಯ ಮೇಲೆ ಕಪಾಟು ಅವತರಿಸಿತು! ಪ್ರಭಾವಳಿ ಸಮೇತ, ಪ್ರತಿಬಿಂಬ ಸಮೇತ, ನಲವತ್ತು ಡಿಗ್ರಿ ನೆರಳಿನ ಸಮೇತ. ಪ್ಲೈವುಡ್‌ನ ಮುಖ ನೆನೆದ ರಟ್ಟಿನಂತಾಯಿತು.

ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿಕೊಂಡರು. "ಚೆನ್ನಾಗಿದೆ. ಆದರೆ ಮಾಡಿದ್ಮೇಲೂ ಹೀಗೇ ಇರತ್ತಾ? ಇಲ್ಲಾ ಬರೀ ತೋರಿಕೆನಾ?"

ಗೀರಿದರು. ಹತ್ತಿಕೊಂಡಿತು.

"ತೋರಿಕೆನಾ? ಮೇಡಂ! ಚಿತ್ರದಲ್ಲಿ ಹೇಗಿದೆಯೋ ಹಾಗೇ ಕೊಡ್ತೀನಿ. ಕೂದಲೆಳೆಯಷ್ಟು ವ್ಯತ್ಯಾಸ ಬಂದ್ರೆ ಮೀಸೆ ಬೋಳಿಸ್ತೀನಿ. ಬರ್ಕೊಳ್ಳಿ!"

ಹೆಂಡತಿ ಚಿವುಟಿದಳು. ತಡವಾಗಿತ್ತು. ಅವರು ಬರೆದುಕೊಂಡರು.

"ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದೀರಿ. ನಮ್ಮ ಗೋಡೆಗೆ ತೇವ ಜಾಸ್ತಿ. ಬೇರೆ ಯಾರಿಗೂ ಇದು ಹೊಳೀಲಿಲ್ಲ ನೋಡಿ."

ಅದು ನೆರಳು ಮೇಡಂ ಅನ್ನಲು ಬಾಯಿ ತೆರೆದ. ಹೆಂಡತಿ ಕಾಲು ತುಳಿದಳು. "ಹೌದು ಮೇಡಂ, ಅದಕ್ಕೇ ಬಿಟ್ಟಿದ್ದು," ಅಂದ.

"ಒಂದೊಂದು ಹಲಗೆಯ ಅಂಚೂ ದುಂಡಗಿದೆ. ಮಕ್ಕಳಿಗೆ ತಾಗಬಾರದು ಅಂತ, ಅಲ್ವಾ? ಹನ್ನೆರಡು ಕಪಾಟಲ್ಲೂ ಹೀಗೇ ತಾನೇ?"

"ಹೂಂ..."

"ಸುತ್ತ ದೀಪ ಇಟ್ಟಿದ್ದೀರಿ. ಒಳ್ಳೇದು, ಆ ಮೂಲೆ ಕತ್ತಲೆ." ಪೆನ್ನು ಓಡುತ್ತಲೇ ಇತ್ತು. "ಮತ್ತೆ, ನೆಲದಲ್ಲಿ ಕಪಾಟು ಕಾಣ್ತಿದೆ. ನಮ್ಮ ನೆಲ ಒರಟು. ಅಂದರೆ ನೆಲಾನೂ ತಿಕ್ಕಿ ಪಾಲಿಶ್ ಮಾಡಿಕೊಡ್ತೀರಿ."

"ಅಯ್ಯೋ ಮೇಡಂ, ಅದು ಎಫೆಕ್ಟು!"

"ಒಳ್ಳೇ ಎಫೆಕ್ಟೇ. ಕೂದಲೆಳೆ ಅಂದ್ರಿ, ಬರ್ಕೊಂಡಿದ್ದೀನಿ." ಅವರು ಹಾಳೆ ತಿರುವಿದರು. "ಮೀಸೆ ಅಂತಾನೂ."

ಕೆಲಸ ಸಿಕ್ಕಿತು. ಚಿತ್ರದ ಜೊತೆ ಬರೆದುಕೊಟ್ಟಿದ್ದ ರೇಟಿಗೇ ಸಿಕ್ಕಿತು, ಒಂದು ಕಾಸು ಹೆಚ್ಚಿಲ್ಲ.

ಮುಂದಿನ ಎರಡು ತಿಂಗಳು ಬೆಂಕಿಪೊಟ್ಟಣ ಅರವತ್ತು ಹಲಗೆಯ ಅಂಚು ತಿಕ್ಕಿದ. ಕಂಪ್ಯೂಟರಿನಲ್ಲಿ ಒಂದು ಒತ್ತು, ಇಲ್ಲಿ ಒಂದೊಂದಕ್ಕೆ ಅರ್ಧ ದಿನ. ದೀಪ ಕೂರಿಸಿದ. ಕೊನೆಗೆ ಮಂಡಿಯೂರಿ ನೆಲ ತಿಕ್ಕುತ್ತಿದ್ದಾಗ ಕಿಟಕಿಯಲ್ಲಿ ಪ್ಲೈವುಡ್‌ನ ತಲೆ ಕಾಣಿಸಿತು.

"ಏನಣ್ಣ, ಬಡಗಿ ಕೆಲಸ ಬಿಟ್ಟು ನೆಲ ಒರೆಸೋಕೆ ಸೇರ್ಕೊಂಡ್ಯಾ?"

ಎಸೆಯಲು ಕೈಗೆ ಸಿಕ್ಕಿದ್ದು ಪಾಲಿಶ್ ಬಟ್ಟೆ ಮಾತ್ರ. ಅದು ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತು. ಅವನೇ ಎದ್ದು ಹೋಗಿ ಬಿಡಿಸಿ ತಂದ.

ಕಪಾಟು ಒಪ್ಪಿಸಿದ ದಿನ ಹೆಡ್‌ಮಿಸ್ಟ್ರೆಸ್ ನೆಲಕ್ಕೆ ಬಗ್ಗಿ, ಅದರಲ್ಲಿ ಕಪಾಟು ಕಂಡು, ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲಿಗೆ ಗೀಟು ಹಾಕಿದರು. ಮೀಸೆ ಉಳಿಯಿತು. ಆ ಮೀಸೆ ತಿರುವುತ್ತಲೇ ಮನೆಗೆ ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತ.

ಎದುರಿಗೆ ಕಂಪ್ಯೂಟರ್ ಬೆಳಗುತ್ತಿತ್ತು. ಪಕ್ಕದಲ್ಲಿ ಅಮ್ಮ ಆಗಲೇ ಜಾಗ ಹಿಡಿದು ಕೂತಿದ್ದಳು.

"ಒಂದು ಪ್ರೆಸೆಂಟೇಷನ್ ಇದೆ ರೀ," ಅಂದಳು ಹೆಂಡತಿ. "ಹತ್ತು ನಿಮಿಷ."

ಪರದೆಯ ಮೇಲೆ ಅಡುಗೆಮನೆ ಕಪಾಟು. ಬಾಗಿಲಿಗೆ ಮೂರು ಕೀಲು. ದುಂಡಗಿನ ಅಂಚು, ಸುತ್ತ ಪ್ರಭೆ, ಕಪಾಟಿನಿಂದ ಒಂದು ಗೇಣು ಆಚೆ ನೆರಳು. ಬುಡದಲ್ಲಿ, ಅಯ್ಯೋ, ಪ್ರತಿಬಿಂಬ. ಪಕ್ಕದಲ್ಲಿ ಒಂದು ಕೆಂಪು ಗುಂಡು.

"ಆ ಗುಂಡು ಏನು?"

"ಅದು ನೀವು. ಅದಕ್ಕೆ ಎಫೆಕ್ಟ್ ಏನೂ ಹಾಕಿಲ್ಲ. ಬಣ್ಣಾನೇ ಹಾಗೆ."

"ಇದೆಲ್ಲ ಬರೀ ತೋರಿಕೆ ಕಣೇ!"

"ತೋರಿಕೆನಾ?" ಅಮ್ಮ ಸೆರಗು ಸರಿಮಾಡಿಕೊಂಡಳು. "ಶಾಲೆಗೊಂದು ನ್ಯಾಯ, ಮನೆಗೊಂದು ನ್ಯಾಯವೇನೋ? ಮೀಸೆಗೆ ನೀರು ಕಾಯಿಸಲಾ?"

ಅವನ ಕೈ ತಾನಾಗಿ ಕಿವಿಸಂದಿಗೆ ಹೋಯಿತು. ಅಲ್ಲಿ ಪೆನ್ಸಿಲ್ ಇರಲಿಲ್ಲ. ಅದು ಆಗಲೇ ಹೆಂಡತಿಯ ಕೈ ಸೇರಿತ್ತು.

"ಮುರೀಬೇಡಿ," ಅಂದಳು, ಪೆನ್ಸಿಲನ್ನೂ ಟೇಪನ್ನೂ ಅವನ ಕೈಗಿಡುತ್ತ. "ಅಳತೆ ತಗೋಬೇಕು."