ಗುಂಯ್ ಎನ್ನುವ ಕಾರು

ಶ್‌ಶ್ ಸಾರ್ ಅವರ ಕಾರು ಗುಂಯ್ ಎನ್ನುತ್ತಿತ್ತು. ಅಂತಿಂಥ ಗುಂಯ್ ಅಲ್ಲ. ಕಾರು ಬೀದಿಯ ಆ ತುದಿಯಲ್ಲಿ ತಿರುಗಿದರೆ ಈ ತುದಿಯ ಮನೆಗಳಲ್ಲಿ ಸ್ಟೀಲ್ ಲೋಟಗಳು ತಾವಾಗಿಯೇ ಸಾಲು ಬದಲಿಸಿ ನಿಲ್ಲುತ್ತಿದ್ದವು. ಗೋಡೆ ಗಡಿಯಾರಗಳು ಐದು ನಿಮಿಷ ಮುಂದೆ ಓಡಿ, ಕಾರು ದಾಟಿದ ಮೇಲೆ ನಾಚಿಕೊಂಡು ಹಿಂದೆ ಬರುತ್ತಿದ್ದವು. ಇದು ಉತ್ಪ್ರೇಕ್ಷೆ ಎನ್ನುವವರು ಆ ಬೀದಿಗೆ ಹೋಗಿ ಗಡಿಯಾರಗಳನ್ನೇ ವಿಚಾರಿಸಬಹುದು.

ತಮಾಷೆಯೆಂದರೆ ಕಾರಿನ ಒಡೆಯರ ಕಸುಬೇ ಸದ್ದಡಗಿಸುವುದು. ಅವರು ಲೈಬ್ರರಿಯ ಮೇಲ್ವಿಚಾರಕರು. ಯಾರಾದರೂ ಪುಟ ತಿರುವುವುದು ಸ್ವಲ್ಪ ಜೋರಾದರೂ ಸಾಕು, ತುಟಿಗೆ ಬೆರಳಿಟ್ಟು ‘ಶ್‌ಶ್’ ಎನ್ನುತ್ತಿದ್ದರು. ಅದರಿಂದಲೇ ಆ ಹೆಸರು ಬಂದು, ಹೆತ್ತವರು ಇಟ್ಟ ಹೆಸರು ಹೆತ್ತವರಿಗೂ ಮರೆತುಹೋಗಿತ್ತು.

ಕಾರು ಸೆಕೆಂಡ್ ಹ್ಯಾಂಡಾದರೂ ಸಾಮಾನ್ಯದ್ದಲ್ಲ. ಬೇರೆ ಕಾರುಗಳಲ್ಲಿ ಎರಡು ಚಕ್ರ ದುಡಿಯುತ್ತವೆ, ಉಳಿದೆರಡು ಮದುವೆಗೆ ಬಂದ ನೆಂಟರ ಹಾಗೆ ಸುಮ್ಮನೆ ಉರುಳಿಕೊಂಡು ಬರುತ್ತವೆ. ಇದರಲ್ಲಿ ನಾಲ್ಕೂ ದುಡಿಯುತ್ತಿದ್ದವು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯಲು ಕಾರಿನ ಹೊಟ್ಟೆಯಡಿ ಉದ್ದಕ್ಕೂ ಉಕ್ಕಿನ ಶಾಫ್ಟ್ ಒಂದು ತಿರುಗುತ್ತಿತ್ತು. ಶ್‌ಶ್ ಸಾರ್‌ಗೆ ಆ ಕಾರೆಂದರೆ ಪ್ರಾಣ. ಭಾನುವಾರ ಅದನ್ನು ತೊಳೆಯುವಾಗ ಅವರ ಮುಖ ನೋಡಬೇಕು, ಮೊದಲ ಮಗುವಿಗೆ ನೀರೆರೆಯುವ ಅಪ್ಪನೂ ಹಾಗೆ ಬೀಗಿರಲಾರ.

ಅಂಥದೇ ಒಂದು ಭಾನುವಾರ ಬೆಳಿಗ್ಗೆ, ಬಕೆಟ್ ಹಿಡಿದು ಹೊರಟ ಗಂಡನನ್ನು ಹೆಂಡತಿ ಬಾಗಿಲಲ್ಲೇ ತಡೆದಳು. ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸು. ಆಕೆ ‘ಕೈ ಚಾಚಿ’ ಎಂದರೆ ಪೈಲ್ವಾನರೂ ಕಣ್ಣು ಮುಚ್ಚಿ ಇಂಜೆಕ್ಷನ್‌ಗೆ ಕೈ ಚಾಚುತ್ತಿದ್ದರು.

“ಸಂಜೆ ನನ್ನ ತಮ್ಮ ಬರ್ತಾನೆ.”

“ಬರಲಿ ಬಿಡು, ಸಂತೋಷ.”

“ಬಂದು ಕಾರು ತಗೊಂಡು ಹೋಗ್ತಾನೆ. ಹಳೇ ಕಾರಿನ ವ್ಯಾಪಾರ ತಾನೇ ಅವನದು. ಬಿಚ್ಚಿ ಬಿಡಿಭಾಗ ಮಾಡಿ ಮಾರ್ಕೊಳ್ಳಲಿ.”

ಶ್‌ಶ್ ಸಾರ್ ಕೈಯಿಂದ ಬಕೆಟ್ ಜಾರಿತು. “ಏನೇ ಇದು! ಮುಂದಿನ ವಾರ ಖಂಡಿತ ರಿಪೇರಿ ಮಾಡಿಸ್ತೀನಿ ಕಣೇ.”

“ಮೂರು ತಿಂಗಳಿಂದ ಕೇಳ್ತಿದೀನಿ ಆ ಮುಂದಿನ ವಾರನ. ಪಾಪ, ಅದಕ್ಕಿನ್ನೂ ನಮ್ಮನೆ ಅಡ್ರೆಸ್ಸೇ ಸಿಕ್ಕಿಲ್ಲ.”

“ಸಂಜೆಯೊಳಗೆ ಶಬ್ದ ನಿಂತರೆ?”

“ನಿಂತರೆ ಕಾರು ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ. ನನ್ನ ಮಾತು ಅಂದ್ರೆ ಮಾತು.”

ಶ್‌ಶ್ ಸಾರ್ ನೆಟ್ಟಗೆ ಹೋಗಿ ಬಾನೆಟ್ ಎತ್ತಿದರು. ಆ ಬೀದಿಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಡಂಗುರ ಸಾರಿಸುವುದೂ ಒಂದೇ. ಅವರು ತಲೆ ಬಗ್ಗಿಸಿ ನೋಡುವಷ್ಟರಲ್ಲಿ ಪಕ್ಕದಲ್ಲಿ ಇನ್ನೂ ಮೂರು ತಲೆಗಳು ಬಗ್ಗಿದ್ದವು.

ಮೊದಲನೆಯದು ಎದುರುಮನೆಯ ಇಂಜಿನ್ ತಾತನದು. ಜೀವಮಾನವೆಲ್ಲ ರೈಲು ಓಡಿಸಿ ನಿವೃತ್ತನಾದ ಮುದುಕ. ಊರುಗೋಲಿನ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿಹಿಡಿದರೆ ಕಬ್ಬಿಣದ ಮನಸ್ಸಿನ ಮಾತೂ ಕೇಳಿಸುತ್ತದೆಂದು ಅವನ ಹೇಳಿಕೆ. ಎರಡನೆಯದು ಎಡಮನೆಯ ಹಲ್ಲು ಡಾಕ್ಟರದು. ಮೂರನೆಯದು ಬಲಮನೆಯ ಪಿಟೀಲು ಮೇಡಮ್ಮಿನದು.

“ಇಂಜಿನ್ನೇ,” ಎಂದ ತಾತ. “ಶಬ್ದ ಅಂದ್ಮೇಲೆ ಇಂಜಿನ್ನೇ.”

“ಅಲ್ಲ ತಾತ, ಗೇರಿನ ಹಲ್ಲು ಸವೆದಿದೆ. ಹಲ್ಲಿನ ವಿಷಯ ನನಗೆ ಬಿಡಿ,” ಎಂದರು ಡಾಕ್ಟರು.

“ನಿಂತ ಕಾರಿಗೆ ನೀವೆಲ್ಲ ಕಿವಿ ಕೊಟ್ಟರೆ ಅದೇನು ಹೇಳುತ್ತೆ? ಓಡಿಸಿ ಕೇಳೋಣ ನಡೀರಿ,” ಎಂದರು ಮೇಡಂ. ಅಷ್ಟು ಹೊತ್ತಿನಲ್ಲಿ ಅಲ್ಲಿ ಆಡಿದ ಬುದ್ಧಿವಂತ ಮಾತು ಅದೊಂದೇ.

ತಾತ ಹಿಂದಿನ ಸೀಟಿನಲ್ಲಿ ಕೋಲೂರಿ ಕುಳಿತ. ಮೇಡಂ ಮುಂದೆ ಕುಳಿತರು. ಶಾಫ್ಟಿನ ಬಲವನ್ನು ಹಿಂದಿನ ಚಕ್ರಗಳಿಗೆ ಹಂಚುವ ಹಿಂದಿನ ಗೇರು ಇರುವುದು ಡಿಕ್ಕಿಯ ಕೆಳಗೆ, ಅಲ್ಲಿಯೇ ಕಿವಿಯಿಡಬೇಕೆಂದು ಡಾಕ್ಟರು ಡಿಕ್ಕಿಗೇ ಹತ್ತಿದರು. ಹತ್ತಿದರು ಎನ್ನುವುದು ಮರ್ಯಾದೆಯ ಮಾತು. ಅವರು ಮೂರು ಆಳಿನ ಗಾತ್ರದವರು. ಹಾಸಿಗೆಯನ್ನು ದಿಂಬಿನ ಚೀಲಕ್ಕೆ ತುರುಕಿದ ಹಾಗೆ ಎಲ್ಲರೂ ಸೇರಿ ತುರುಕಿದರು.

ದೊಡ್ಡ ರಸ್ತೆಗೆ ಬಂದು ವೇಗ ಏರಿದ್ದೇ ಗುಂಯ್ ಶುರುವಾಯಿತು. ಮೇಡಂ ಕಣ್ಣು ಮುಚ್ಚಿ ತಲೆದೂಗುತ್ತ, “ಈಗ ನ್ಯೂಟ್ರಲ್ ಮಾಡಿ,” ಎಂದರು. ಮಾಡಿದರು. ಇಂಜಿನ್ನಿನ ಸ್ವರ ಇಳಿಯಿತು. ಗುಂಯ್ ಮಾತ್ರ ಇದ್ದಲ್ಲೇ ಇತ್ತು.

“ಕೇಳಿದ್ರಾ? ಇದು ಇಂಜಿನ್ನಿಂದ ಬರ್ತಿಲ್ಲ. ಚಕ್ರದ ಜೊತೆ ತಿರುಗೋ ಯಾವುದೋ ಒಂದರ ಸದ್ದು.”

“ಇಂಜಿನ್ ಅಲ್ವಂತೆ!” ತಾತನಿಗೆ ಮನೆ ದೇವರನ್ನೇ ಬೈದಷ್ಟು ಸಿಟ್ಟು ಬಂತು. “ಹಾಗಿದ್ರೆ ಚಕ್ರದ ಬೇರಿಂಗು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದ್ರೆ ಎಡಗಡೇದರ ಮೇಲೆ ಭಾರ ಬೀಳುತ್ತೆ, ಎಡಕ್ಕೆ ತಿರುಗಿಸಿದ್ರೆ ಬಲಗಡೇದರ ಮೇಲೆ. ಕೆಟ್ಟಿರೋದರ ಮೇಲೆ ಭಾರ ಬಿದ್ರೆ ಶಬ್ದ ಜೋರಾಗುತ್ತೆ. ತಿರುಗಿಸಯ್ಯಾ!”

ಶ್‌ಶ್ ಸಾರ್ ಬಲಕ್ಕೆ ತಿರುಗಿಸಿದರು. ಎಡಕ್ಕೆ ತಿರುಗಿಸಿದರು. ಗುಂಯ್ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾದದ್ದು ಮುಂದಿನ ತಿರುವಿನಲ್ಲಿ ನಿಂತಿದ್ದ ಪೊಲೀಸಿನವನ ಮುಖದ ಬಣ್ಣ. ಹಾವಿನಂತೆ ಬರುತ್ತಿದ್ದ ಕಾರಿಗೆ ಅವನು ಕೈ ಅಡ್ಡ ಹಿಡಿದ.

“ಏನ್ ಸಾರ್, ಬೆಳಬೆಳಿಗ್ಗೇನೇ ಏರಿಸಿದೀರಾ?”

“ಇಲ್ಲ ಸಾರ್, ಸುಮ್ಮನೆ ಕೇಳ್ತಾ ಇದ್ವಿ.”

“ಏನು ಕೇಳ್ತಾ ಇದ್ರಿ?”

ಆಗ ಡಿಕ್ಕಿಯೊಳಗಿಂದ ಧಬಧಬ ಬಡಿತ ಕೇಳಿಸಿತು. “ಇಲ್ಲೇ! ಇಲ್ಲೇ! ಅಯ್ಯೋ, ಇಲ್ಲೇ ಇದೆ!”

ಪೊಲೀಸಿನವನ ಮೀಸೆ ನೆಟ್ಟಗಾಯಿತು. ಒಂದೇ ನೆಗೆತಕ್ಕೆ ಹಿಂದೆ ಹೋಗಿ ಡಿಕ್ಕಿ ಎತ್ತಿದ. ಒಳಗೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು, ಕಿವಿ ನೆಲಕ್ಕಿಟ್ಟು ಡಾಕ್ಟರು ಬಿದ್ದಿದ್ದರು.

“ಹೆದರಬೇಡಿ, ನಾನಿದೀನಿ. ನಿಮ್ಮನ್ನ ಇದರೊಳಗೆ ಹಾಕಿದ್ದು ಯಾರು?”

“ನಾನೇ ಬಂದೆ ಕಣ್ರೀ. ಕಾರು ಯಾಕೆ ನಿಲ್ಲಿಸಿದ್ರಿ? ಈಗಷ್ಟೇ ಸಿಕ್ಕಿತ್ತು!”

“ಸತ್ಯ ಹೇಳಿ. ಇವರಿಗೆ ಹೆದರಬೇಡಿ.”

“ಸತ್ಯ ಏನಪ್ಪಾ ಅಂದ್ರೆ, ಹಿಂದಿನ ಗೇರಿನ ಹಲ್ಲು ಹೋಗಿದೆ. ಕೀಳಲೇಬೇಕು.”

‘ಕೀಳಲೇಬೇಕು’ ಎಂದ ದನಿಯನ್ನು ಪೊಲೀಸಿನವನು ಗುರುತು ಹಿಡಿದ. ಕಳೆದ ತಿಂಗಳು ಇದೇ ದನಿ ಇದೇ ಮಾತು ಹೇಳಿ ಅವನ ದವಡೆ ಹಲ್ಲು ಕಿತ್ತಿತ್ತು. ಅವನು ಒಂದು ಕೈಯಲ್ಲಿ ಕೆನ್ನೆ ಮುಚ್ಚಿಕೊಂಡು, ಇನ್ನೊಂದರಲ್ಲಿ ‘ಹೋಗಿ, ಹೋಗಿ’ ಎಂದು ಸನ್ನೆ ಮಾಡಿದ.

ಮನೆಗೆ ಬಂದ ಮೇಲೆ ಜಗಳ ಹತ್ತಿಕೊಂಡಿತು. ಮುಂದಿನ ಭಾಗವೇ ಎಂದು ತಾತ, ಹಿಂದಿನದೇ ಎಂದು ಡಾಕ್ಟರು. ಕೊನೆಗೆ ತಾತ ತೀರ್ಪು ಕೊಟ್ಟ. “ಮುಂದಿನ ಎರಡು ಚಕ್ರ ಜಾಕಿ ಕೊಟ್ಟು ಎತ್ತಿ. ಗೇರ್ ಹಾಕಿ ಗಾಳೀಲಿ ತಿರುಗಿಸಿ. ಶಬ್ದ ಬಂದ್ರೆ ಮುಂದಿನದು, ಬರದಿದ್ರೆ ಹಿಂದಿನದು.”

ಎಲ್ಲರಿಗೂ ಒಪ್ಪಿಗೆಯಾಯಿತು. ನಾಲ್ಕು ತಲೆಗಳಿದ್ದವು, ಆದರೆ ಈ ಕಾರಿನಲ್ಲಿ ಹಿಂದಿನ ಚಕ್ರಗಳೂ ದುಡಿಯುತ್ತವೆ ಎನ್ನುವುದು ಆ ಗಳಿಗೆಯಲ್ಲಿ ಒಂದು ತಲೆಗೂ ನೆನಪಾಗಲಿಲ್ಲ.

ಮುಂಭಾಗ ಎತ್ತಿದರು. ಶ್‌ಶ್ ಸಾರ್ ಒಳಗೆ ಕುಳಿತು, ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟರು.

ಕಾರು ಹಗ್ಗ ಬಿಚ್ಚಿದ ಕರುವಿನಂತೆ ಜಾಕಿಯಿಂದ ನೆಗೆಯಿತು. ಗೇಟು ದಾಟಿತು. ಡಾಕ್ಟರ ಹೂಕುಂಡಗಳಲ್ಲಿ ಹದಿನೆಂಟನ್ನು ಪುಡಿ ಮಾಡಿ, ಕನಿಕರದಿಂದ ಒಂದನ್ನು ಉಳಿಸಿತು. ಮೇಡಮ್ಮಿನ ಬಟ್ಟೆ ಹಗ್ಗಕ್ಕೆ ನುಗ್ಗಿ, ಹಾಸಿಗೆ ಹೊದಿಕೆಯೊಂದನ್ನು ಮುಸುಕು ಹಾಕಿಕೊಂಡು, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಿಂತಿತು. ಯಾರಿಗೂ ಏಟಾಗಲಿಲ್ಲ. ತಾತ ಮಾತ್ರ ಕಾಣಲಿಲ್ಲ. ಹುಡುಕಿದರೆ ಎಂಟಡಿ ಕಾಂಪೌಂಡ್ ಗೋಡೆಯ ಮೇಲೆ ಕುಳಿತಿದ್ದ. ಹೇಗೆ ಏರಿದನೆಂದು ಅವನಿಗೂ ಗೊತ್ತಿಲ್ಲ. ಇಳಿಸಲು ಏಣಿ ತರಬೇಕಾಯಿತು.

ಹೆಂಡತಿ ಜಗುಲಿಗೆ ಬಂದು ಎಲ್ಲವನ್ನೂ ನೋಡಿದಳು. “ನನ್ನ ತಮ್ಮ ಹೊರಟನಂತೆ. ಫೋನ್ ಮಾಡಿದ್ದ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಶ್‌ಶ್ ಸಾರ್ ಮೈಮೇಲೆ ಹೊದಿಕೆ ಹೊದ್ದುಕೊಂಡೇ ಕಾರಿನಿಂದಿಳಿದರು. ಸೋತ ಮನುಷ್ಯನ ಮುಖವಲ್ಲ ಅದು. ಕಣ್ಣು ಹೊಳೆಯುತ್ತಿತ್ತು.

“ಎಲ್ಲರೂ ಶ್‌ಶ್!” ಎಂದರು. ಬೀದಿಗೆ ಬೀದಿಯೇ ಮೌನವಾಯಿತು. “ಲೈಬ್ರರೀಲಿ ಪುಸ್ತಕ ಕಾಣೆಯಾದ್ರೆ ನಾನು ಎಲ್ಲಿದೆ ಅಂತ ಹುಡುಕೋದಿಲ್ಲ. ಎಲ್ಲೆಲ್ಲಿ ಇಲ್ಲ ಅಂತ ನೋಡ್ಕೊಂಡು ಹೋಗ್ತೀನಿ. ಕೊನೇಲಿ ಉಳಿಯೋ ಕಪಾಟಿನಲ್ಲಿ ಅದು ಇರಲೇಬೇಕು. ಬೆಳಿಗ್ಗೆಯಿಂದ ನಾವು ಜಗಳ ಆಡಿದ್ವೇ ಹೊರತು ಹುಡುಕಲೇ ಇಲ್ಲ. ನಾಲ್ಕೂ ಚಕ್ರ ಎತ್ತಿ!”

ಹಿಂಬದಿ ರಸ್ತೆಯ ಗ್ಯಾರೇಜಿನ ಮೇಸ್ತ್ರಿ ನಾಲ್ಕು ಸ್ಟ್ಯಾಂಡುಗಳೊಂದಿಗೆ ಬಂದ. ಬಂದವನೇ, “ಗೇರ್ ಬಾಕ್ಸ್ ಇಳಿಸಿಬಿಡೋಣ ಸಾರ್,” ಎಂದ. ಮಂಡಿ ನೋವೆಂದು ಹೋದರೂ ಅವನು ಗೇರ್ ಬಾಕ್ಸ್ ಇಳಿಸಿಬಿಡುವವನೇ. ಶ್‌ಶ್ ಸಾರ್ ಅವನಿಗೂ ಒಂದು ‘ಶ್‌ಶ್’ ಕೊಟ್ಟರು.

ಕಾರು ನೆಲ ಬಿಟ್ಟು ನಿಂತಿತು. ಸ್ಟೀರಿಂಗ್ ಮುಂದೆ ಮೇಡಂ ಕುಳಿತರು. ಇದ್ದಲ್ಲೇ ಇದ್ದುಕೊಂಡು ಕಾರು ಅರವತ್ತರ ವೇಗದಲ್ಲಿ ಓಡತೊಡಗಿತು, ಗುಂಯ್ ಎಂದಿತು. ಶ್‌ಶ್ ಸಾರ್ ತಾತನ ಕೋಲು ಇಸಿದುಕೊಂಡು ಪಕ್ಕದಲ್ಲಿ ಉದ್ದಕ್ಕೆ ಮಲಗಿ, ಒಂದೊಂದೇ ಭಾಗಕ್ಕೆ ಕೋಲು ಒತ್ತಿ ಕಿವಿಗೊಟ್ಟರು.

“ಮುಂದಿನ ಬಲ ಚಕ್ರ, ಇಲ್ಲಿಲ್ಲ. ಎಡ ಚಕ್ರ, ಇಲ್ಲಿಲ್ಲ. ಗೇರ್ ಬಾಕ್ಸ್, ಇಲ್ಲಿಲ್ಲ.”

ಮೇಸ್ತ್ರಿಯ ಮುಖ ಬಾಡಿತು.

“ಹಿಂದಿನ ಚಕ್ರ ಎರಡರಲ್ಲೂ ಇಲ್ಲ. ಹಿಂದಿನ ಗೇರು…” ಕೋಲು ಒತ್ತಿದರು. ಡಾಕ್ಟರು ತಾವೂ ಬಗ್ಗಿದರು. “ಅಲ್ಲೆಲ್ಲೋ ದೂರದಲ್ಲಿ ಕೇಳುತ್ತೆ. ಇಲ್ಲಿಲ್ಲ.”

ಉಳಿದದ್ದು ಉದ್ದದ ಶಾಫ್ಟು. ಅದನ್ನು ನಡುವೆ ಎತ್ತಿಹಿಡಿದಿದ್ದ ಒಂದು ಪುಟ್ಟ ಬೇರಿಂಗು. ಅದರ ಪಟ್ಟಿಗೆ ಕೋಲು ತಾಗಿದ್ದೇ ತಡ, ಕಿವಿಯೊಳಗೆ ಜೇನುಗೂಡು ಒಡೆದು ಬಿದ್ದಂತಾಯಿತು.

“ಸಿಕ್ತು!” ಎಂದು ಶ್‌ಶ್ ಸಾರ್ ಕಿರುಚಿದರು. ಅವರ ಜೀವಮಾನದಲ್ಲಿ ಅಷ್ಟು ಜೋರು ದನಿ ಅದೇ ಮೊದಲು. ಮೂರು ಬೀದಿಯಾಚೆ ನಾಯಿಗಳು ಉತ್ತರ ಕೊಟ್ಟವು.

“ಮತ್ತೆ ನನಗೆ ಡಿಕ್ಕೀಲಿ ಯಾಕೆ ಕೇಳಿಸ್ತು?” ಡಾಕ್ಟರಿಗೆ ಇನ್ನೂ ಸಂಕಟ.

“ಕಾರಿನ ತಗಡು ಅಲ್ವಾ ಡಾಕ್ಟ್ರೇ,” ಎಂದರು ಶ್‌ಶ್ ಸಾರ್. “ಎಲ್ಲೋ ಆದದ್ದನ್ನ ಎಲ್ಲಿಗೋ ಮುಟ್ಟಿಸುತ್ತೆ. ನಮ್ಮ ಬೀದಿ ಹಾಗೇನೇ.”

ಕೋಲಿಗೆ ಕಿವಿಯಿಟ್ಟು ಕೇಳಲು ಸಾಲು ನಿಂತಿತು. ಮೇಸ್ತ್ರಿಯ ಗ್ಯಾರೇಜಿನ ಮೂಲೆಯಲ್ಲಿ ಇದೇ ಜಾತಿಯ ಕಾರೊಂದು ಗುದ್ದಿಸಿಕೊಂಡು ಬಿದ್ದಿತ್ತು. ಅದರ ಬೇರಿಂಗು ತಂದು ಇದಕ್ಕೆ ಹಾಕಿದ. ಕಳಚಿದ ಹಳೆಯದನ್ನು ತಾತ ಅಂಗೈಲಿಟ್ಟು ತಿರುಗಿಸಿದ. ಗ್ರೀಸಿನ ಹನಿಯಿಲ್ಲ, ಒಳಗಿನ ಗುಂಡುಗಳೆಲ್ಲ ತುಕ್ಕು. ಕರಕರ ಎಂದಿತು. “ನಾನು ಹೇಳ್ಲಿಲ್ವಾ, ಬೇರಿಂಗು ಅಂತ!” ಎಂದು ಗೆದ್ದವನಂತೆ ಸುತ್ತ ನೋಡಿದ.

ಸಂಜೆ ಬಿಸಿಲಿಗೆ ಶ್‌ಶ್ ಸಾರ್ ಕಾರನ್ನು ಬೀದಿಗೆ ತಂದರು. ಆ ತುದಿಯಿಂದ ಈ ತುದಿಯವರೆಗೆ ಓಡಿಸಿದರು. ಸದ್ದಿಲ್ಲ! ಬೆಣ್ಣೆಯ ಮೇಲೆ ಬೆಕ್ಕು ನಡೆದರೂ ಅದಕ್ಕಿಂತ ಹೆಚ್ಚು ಸದ್ದಾಗುತ್ತಿತ್ತು. ಲೋಟಗಳು ಕದಲಲಿಲ್ಲ. ಗಡಿಯಾರಗಳು ನಂಬಲಾಗದೆ ಒಂದು ಕ್ಷಣ ನಿಂತವು. ಜನ ಚಪ್ಪಾಳೆ ತಟ್ಟಿದರು. ಹೂಕುಂಡಗಳನ್ನು ಕಳೆದುಕೊಂಡ ಡಾಕ್ಟರೇ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದರು. ಶ್‌ಶ್ ಸಾರ್ ಎರಡೂ ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು. ಚುನಾವಣೆ ಗೆದ್ದವರಿಗೂ ಅಷ್ಟು ಜೈಕಾರ ಸಿಕ್ಕಿರಲಾರದು.

ಆ ಹೊತ್ತಿಗೆ ಬಾಮೈದ ಆಟೋದಿಂದಿಳಿದ. ಹೆಗಲ ಮೇಲಿಂದಲೇ ಶ್‌ಶ್ ಸಾರ್ ಗುಡುಗಿದರು. “ಬಂದ ದಾರೀಲೇ ವಾಪಸ್ ಹೋಗಪ್ಪಾ! ಶಬ್ದ ನಿಂತಿದೆ. ಕಾರು ಕೊಡಲ್ಲ!”

ಬಾಮೈದ ಮಿಕಮಿಕ ನೋಡಿದ. “ಯಾವ ಕಾರು ಭಾವ? ಕಾರು ಯಾರಿಗೆ ಬೇಕಾಗಿತ್ತು? ಅಕ್ಕ ಇದನ್ನ ತಗೊಂಡು ಬಾ ಅಂದ್ಲು, ತಂದಿದೀನಿ,” ಎಂದು ಚೀಲದಿಂದ ದಪ್ಪನೆಯದೊಂದು ದಿಂಬು ತೆಗೆದು ಅಕ್ಕನ ಕೈಗಿತ್ತ.

ಹೆಂಡತಿ ಕಾರಿನ ಬಾಗಿಲು ತೆಗೆದು, ಡ್ರೈವರ್ ಸೀಟಿನ ಮೇಲೆ ದಿಂಬು ಹಾಕಿ, ಅದರ ಮೇಲೆ ಕುಳಿತಳು. ಈಗ ರಸ್ತೆ ಚೆನ್ನಾಗಿ ಕಾಣುತ್ತಿದೆಯೆಂದು ಅವಳ ಮುಖವೇ ಹೇಳಿತು.

“ನಿನಗೆ… ನಿನಗೆ ಓಡಿಸೋಕೆಲ್ಲಿ ಬರುತ್ತೆ?” ಹೆಗಲಿನಿಂದಿಳಿಯುತ್ತ ಶ್‌ಶ್ ಸಾರ್ ತೊದಲಿದರು.

“ಇವನೇ ಕಲಿಸಿದ. ಲೈಸೆನ್ಸ್ ಬಂದು ಎಷ್ಟೋ ದಿನ ಆಯ್ತು. ಆ ಗುಂಯ್ ಕಟ್ಕೊಂಡು ರೋಗಿಗಳು ಮಲಗಿರೋ ಕಡೆ ಹೋಗೋದು ಹೇಗೆ ಅಂತ ಸುಮ್ಮನಿದ್ದೆ. ಮಾರ್ತೀನಿ ಅಂತ ಹೆದರಿಸದಿದ್ರೆ ನೀವು ಬಾನೆಟ್ ಎತ್ತೋರಾ?”

“ಆದ್ರೆ ಕಾರು ಈ ಮನೆ ಬಿಟ್ಟು ಹೋಗಲ್ಲ ಅಂದಿದ್ದೆ!”

“ಹೋಗ್ತಿದೆಯಾ? ರಾತ್ರಿ ಇಲ್ಲೇ ನಿಲ್ಲುತ್ತೆ. ನೋಡೀ, ನಮ್ಮ ಆಸ್ಪತ್ರೆ ಇರೋದು ಗುಡ್ಡದ ತುದೀಲಿ. ನಿಮ್ಮ ಲೈಬ್ರರಿ ಇರೋದು ಹಿಂಬದಿ ಬೀದೀಲಿ, ನೆಲ ಚಪಾತಿ ಮಣೆ ಹಾಗಿದೆ. ನಾಲ್ಕೂ ಚಕ್ರ ದುಡಿಯೋ ಕಾರು ಯಾರಿಗೆ ಬೇಕು? ನೀವೇ ಹೇಳಿ.”

ಶ್‌ಶ್ ಸಾರ್ ನೆರೆಹೊರೆಯ ಕಡೆ ನೋಡಿದರು.

“ನ್ಯಾಯವಾದ ಮಾತು,” ಎಂದರು ಮೇಡಂ, ಮುಂದಿನ ಸೀಟು ಹತ್ತುತ್ತ. “ನ್ಯಾಯವೇ,” ಎಂದರು ಡಾಕ್ಟರು, ಹಿಂದಿನ ಸೀಟಿಗೆ ಮೊದಲು ತಾತನನ್ನೂ ಬಾಮೈದನನ್ನೂ ತಳ್ಳಿ ಆಮೇಲೆ ತಾವು ತೂರಿಕೊಳ್ಳುತ್ತ. “ಒಂದು ಸುತ್ತು ಗುಡ್ಡದವರೆಗೆ ಹೋಗ್ಬರೋಣ ನಡಿಯಮ್ಮಾ,” ಎಂದ ತಾತ.

ಕಾರು ಹೊರಟಿತು. ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು. ಶ್‌ಶ್ ಸಾರ್ ಗೇಟಿನಲ್ಲಿ ಒಬ್ಬರೇ ನಿಂತು, ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಎಂದು ಬಹಳ ಹೊತ್ತು ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ರಿಪೇರಿ ಅಷ್ಟು ಚೊಕ್ಕವಾಗಿ ಆಗಿತ್ತು.