ಸಂಜೆವರೆಗೂ ಬಯ್ದಾಡಿ

ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವ ಮೊದಲು ದರ್ಜಿ ಫೋನ್ ತೆರೆದರೆ, ಹೆಂಡತಿಯ ಪುಟದ ನೆತ್ತಿಯ ಮೇಲೊಂದು ಕೆಂಪು ಪಟ್ಟಿ ಕೂತಿತ್ತು: 'ಬಳಸುವವರಿಲ್ಲದ ಕಾರಣ ಈ ಜಾಲತಾಣವನ್ನು ಇಂದು ಸಂಜೆ ಮುಚ್ಚಲಾಗುವುದು.'

ಒಂದು ಕಾಲದಲ್ಲಿ ಬೀದಿಗೆ ಬೀದಿಯೇ ಆ ತಾಣದಲ್ಲಿ ಬಿಡಾರ ಹೂಡಿತ್ತು. ಆಮೇಲೆ ಇನ್ನೊಂದು ತಾಣ ಬಂತು, ಮತ್ತೊಂದು ಬಂತು, ಜನ ಎದ್ದು ಹೋದರು. ಉಳಿದವನು ದರ್ಜಿಯೊಬ್ಬನೇ. ತೀರಿಕೊಂಡ ಹೆಂಡತಿ ಅಲ್ಲಿ ದಿನಕ್ಕೊಂದು ಸಾಲು ಅವನನ್ನು ಆಡಿಕೊಂಡು ಬರೆದಿದ್ದಳು. 'ಇವತ್ತು ನಮ್ಮ ಯಜಮಾನ್ರು ಒಂದೇ ಅಂಗಿಗೆ ಮೂರು ತೋಳು ಕತ್ತರಿಸಿದ್ರು.' ಪಾಪ, ಅವನು ದಿನಾ ಒಂದು ಸಾಲು ಓದಿ, ಅದರ ಕೆಳಗೆ ಉತ್ತರ ಬರೆದೇ ಕತ್ತರಿ ಹಿಡಿಯುತ್ತಿದ್ದ.

"ಎಲ್ಲದರ ಫೋಟೊ ತೆಗೆದಿಟ್ಕೊಳ್ಳಿ ಭಾವ," ಎಂದಳು ನಾದಿನಿ.

"ಫೋಟೊಗೆ ಉತ್ತರ ಬರೆಯೋಕಾಗುತ್ತೇನಮ್ಮ?"

ಅಳತೆಯ ಟೇಪು ಕೊರಳಲ್ಲಿರುವಂತೆಯೇ ಅವನು ಬೀದಿಗಿಳಿದು ಕ್ಷೌರಿಕನಿಗೆ, ಬೇಕರಿಯವನಿಗೆ ಕೈ ಮುಗಿದ. "ಇವತ್ತೊಂದಿನ ಅಲ್ಲಿಗೆ ಬನ್ರಪ್ಪ, ಏನಾದ್ರೂ ಬರೀರಿ. ಜನ ಇದ್ದಾರೆ ಅಂತ ಗೊತ್ತಾದ್ರೆ ಮುಚ್ಚಲ್ಲ."

ಕ್ಷೌರಿಕ ತಾಣಕ್ಕೆ ಬಂದವನೇ, ತಲೆ ತುಂಬ ಕೂದಲಿದ್ದ ಬೇಕರಿಯವನ ಹಳೇ ಫೋಟೊ ಹುಡುಕಿ ತೆಗೆದು, 'ಈ ಗಿರಾಕಿ ಕಾಣೆಯಾಗಿದ್ದಾರೆ' ಎಂದು ಬರೆದ. ಬೇಕರಿಯವ ಸುಮ್ಮನಿರುವ ಆಸಾಮಿಯೇ? 'ಎಲ್ಲಾ ನಿನ್ನ ಕೈಗುಣ!' ಎಂದ. ಕ್ಷೌರಿಕನ ಅತ್ತೆ ನಡುವೆ ಬಾಯಿ ಹಾಕಿದರು. ಎಂದೋ ಎರವಲು ಹೋಗಿ ವಾಪಸು ಬಾರದ ಏಣಿಯ ಮಾತೂ ಬಂತು. ಜಗಳ ನೋಡೋಕೆ ಜನಕ್ಕೆ ಕರೆಯೋಲೆ ಬೇಕೇ? ಪಕ್ಕದ ಬೀದಿ ಬಂತು, ಪಕ್ಕದ ಊರೂ ಬಂತು.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸುಸ್ತಾಗಿ ರಾಜಿಗೆ ಹೊರಟಾಗ ದರ್ಜಿ ಓಡಿಬಂದ. "ಅಯ್ಯೋ, ಈಗ್ಲೇ ರಾಜಿ ಆಗ್ಬೇಡಿ! ನಿಮ್ಮ ದಮ್ಮಯ್ಯ, ಸಂಜೆವರೆಗೂ ಬಯ್ದಾಡಿ!"

"ಅತ್ತಿಗೆಗೋಸ್ಕರ ಬಯ್ತೀನಿ ಬಿಡಣ್ಣ," ಎಂದು ಬೇಕರಿಯವ ಕಣ್ಣೊರೆಸಿಕೊಂಡು ಮತ್ತೆ ಫೋನ್ ಎತ್ತಿಕೊಂಡ.

ಸಂಜೆ ನಾದಿನಿ ಕೂಗಿದಳು, "ಮುಚ್ಚಲ್ವಂತೆ ಭಾವ!"

ಎಲ್ಲರೂ ಅಂಗಡಿಗೆ ನುಗ್ಗಿದರು. ಬೇಕರಿಯವ ಕ್ಷೌರಿಕನನ್ನೇ ತಬ್ಬಿಕೊಂಡ. ದರ್ಜಿ ಹೆಂಡತಿಯ ಪುಟ ತೆರೆದ. ಪುಟ ಖಾಲಿಯಿತ್ತು. ಮೇಲಿನ ಪಟ್ಟಿ ಈಗ ಹಸಿರಾಗಿತ್ತು: 'ನಿಮ್ಮ ಉತ್ಸಾಹಕ್ಕೆ ಮಣಿದು ತಾಣವನ್ನು ಮುಂದುವರಿಸುತ್ತಿದ್ದೇವೆ. ಇಷ್ಟು ಜನಕ್ಕೆ ಜಾಗ ಮಾಡಲು, ವರ್ಷಗಳಿಂದ ಬಾರದವರ ಪುಟಗಳನ್ನು ಅಳಿಸಿದ್ದೇವೆ.'

"ಅತ್ತಿಗೆ ಏನು ಬರೆದಿದ್ರು, ಒಂದು ಓದಣ್ಣ," ಎಂದ ಬೇಕರಿಯವ.

ದರ್ಜಿ ಖಾಲಿ ಪುಟವನ್ನೇ ನೋಡುತ್ತ ಓದಿದ. "ಇವತ್ತು ನಮ್ಮ ಯಜಮಾನ್ರು ಒಂದೇ ಅಂಗಿಗೆ ಮೂರು ತೋಳು ಕತ್ತರಿಸಿದ್ರು."

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಇನ್ನೊಂದು ಓದು, ಇನ್ನೊಂದು!"

ದರ್ಜಿಗೆ ಇನ್ನೊಂದು ನೆನಪಾಗಲಿಲ್ಲ.