ದೊಡ್ಡಮ್ಮನ ಕಪ್ಪು ಪರದೆ

ನಮ್ಮ ದೊಡ್ಡಮ್ಮ ಬರುತ್ತಾರೆಂದು ತಿಳಿದರೆ ನೆಂಟರೆಲ್ಲ ಮೊದಲು ಬಚ್ಚಿಡುವುದು ಲ್ಯಾಪ್‌ಟಾಪನ್ನು! ನಗಬೇಡಿ. ಕಳ್ಳನಾದರೂ ಇದ್ದದ್ದನ್ನು ಒಯ್ದು ಸುಮ್ಮನಾಗುತ್ತಾನೆ. ದೊಡ್ಡಮ್ಮ ಇದ್ದದ್ದನ್ನು ತೆಗೆದು, ಹೊಸದನ್ನು ಹಾಕಿ, ಮೇಲಿಂದ ಉಪದೇಶವನ್ನೂ ಕೊಟ್ಟು ಹೋಗುತ್ತಾರೆ.

ಅವರು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದವರು. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನಡೆಸುವುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ತರಬೇತಿಗೆ ಹೋದ ಉಳಿದ ಟೀಚರುಗಳು ಊಟ ಮಾಡಿ ಬಂದರು, ಇವರು ಹುಚ್ಚು ಹಿಡಿಸಿಕೊಂಡು ಬಂದರು. ನಿವೃತ್ತರಾದ ಮೇಲೆ ಬಂಧುಬಳಗದ ಕಂಪ್ಯೂಟರುಗಳಿಗೂ ಅದನ್ನೇ ಹಾಕಿದರು. ಮೌಸ್ ಮುಟ್ಟುವುದಿಲ್ಲ. ಕೈ ತೊಳೆದು, ಸೆರಗು ಸಿಕ್ಕಿಸಿ, ಕಪ್ಪು ಪರದೆ ತೆರೆದು ಸಾಲು ಸಾಲು ಆಜ್ಞೆ ಟೈಪ್ ಮಾಡುತ್ತಾರೆ. ಒಂದು ಸಾಲಿಗೆ ಒಂದು ತಂತ್ರಾಂಶ ಬರುತ್ತದೆ, ಇನ್ನೊಂದು ಸಾಲಿಗೆ ಹೋಗುತ್ತದೆ. ಹೋಗುವುದೇ ಹೆಚ್ಚು!

ಕುಂಜತ್ತೂರಿನ ನಮ್ಮ ಮನೆಗೆ ಬಂದವರು, ನಾನು ಚಹಾ ತರುವಷ್ಟರಲ್ಲಿ ಸಣ್ಣದೊಂದು ತಂತ್ರಾಂಶವನ್ನು ಕಿತ್ತುಹಾಕಲು ಹೊರಟಿದ್ದರು. ಇದನ್ನು ನೆಚ್ಚಿಕೊಂಡವೂ ಜೊತೆಗೆ ಹೋಗುತ್ತವೆ, ಆಗಬಹುದೇ ಎಂದು ಯಂತ್ರ ಕೇಳಿತು. ಪಾಯಸ ಬಡಿಸುವವರಿಗೆ ಹೂಂ ಎನ್ನುವ ಹಾಗೆ ಇವರು ಹೌದೆನ್ನುವ 'ವೈ' ಒತ್ತಿದರು. ಮತ್ತೆ ಆನ್ ಮಾಡಿದರೆ ಚಿತ್ರವಿಲ್ಲ, ಕಿಟಕಿಯಿಲ್ಲ, ಬರೀ ಕಪ್ಪು!

"ಎಂತ ಆಗ್ಲಿಲ್ಲ ಮಾರಾಯ, ಈಗ ಹಗುರ ಆಯ್ತು" ಎಂದರು ದೊಡ್ಡಮ್ಮ.

ಸೀತಾಂಗೋಳಿಯಲ್ಲಿ ಆಮಂತ್ರಣಪತ್ರ ಅಚ್ಚು ಹಾಕುವ ನಮ್ಮ ಮಾವನ ಗತಿ ಇನ್ನೂ ಘೋರ. ಒಂದು ಕನ್ನಡಕ್ಕೆ ಇಷ್ಟೊಂದು ಫಾಂಟ್ ಯಾಕೆಂದು ದೊಡ್ಡಮ್ಮ ಎಲ್ಲವನ್ನೂ ತೆಗೆದುಬಿಟ್ಟರು. ಮದುಮಗಳ ಹೆಸರಿದ್ದಲ್ಲಿ ಬರೀ ಚೌಕಗಳು!

ಪ್ರತಿ ಬುಧವಾರ ಅವರು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಎಣ್ಮಕಜೆಯ ಬಸ್ಸು ಹತ್ತುತ್ತಾರೆ. ಅಲ್ಲಿಯೂ ಯಾರದೋ ಮನೆ ಹಾಳಾಗುತ್ತಿದೆ ಎಂದು ನಾವು ಮರುಗುತ್ತಿದ್ದೆವು.

ಮೊನ್ನೆ ನಾನು ಅವರ ಮನೆಗೆ ಹೋಗಿದ್ದಾಗ, ಅವರ ಕಣ್ಣಿಗೆ ಔಷಧ ಹಾಕಿದ್ದರಿಂದ ಅವರ ಲ್ಯಾಪ್‌ಟಾಪನ್ನು ಹೊಸದಾಗಿಸುವ, ಎಂದರೆ ಅಪ್‌ಡೇಟ್ ಮಾಡುವ, ಕೆಲಸ ನನಗೆ ಬಂತು. ಆಜ್ಞೆ ಕೊಟ್ಟೆ. ಎಲ್ಲವೂ ಹೊಸದಾಯಿತು, ಒಂದನ್ನು ಮಾತ್ರ ಮುಟ್ಟದಂತೆ ಯಾರೋ ಕಟ್ಟಿಹಾಕಿದ್ದಾರೆ ಎಂದಿತು ಯಂತ್ರ. ನೋಡುತ್ತೇನೆ, ಪುಟ್ಟ ಮಕ್ಕಳ ಆಟವೊಂದರ ಓಬೀರಾಯನ ಕಾಲದ ಆವೃತ್ತಿ! ಇವರ ಲ್ಯಾಪ್‌ಟಾಪಿನಲ್ಲಿ ಹಳೆಯದೇ! ಗುರುವಿಗೆ ತಕ್ಕ ಶಿಷ್ಯನಾಗಿ ತೆಗೆಯುವ ಆಜ್ಞೆ ಬರೆದು, 'ವೈ' ಮೇಲೆ ಬೆರಳಿಟ್ಟು, ಯಾವುದನ್ನು ತೆಗೆಯುತ್ತಿದ್ದೇನೆಂದು ಹೆಮ್ಮೆಯಿಂದ ಕೂಗಿ ಹೇಳಿದೆ.

ಕಣ್ಣು ಸರಿಯಾಗಿ ಕಾಣದವರು ಓಡಿಬಂದು ನನ್ನ ಕೈ ಹಿಡಿದುಕೊಂಡರು.

"ಅದನ್ನು ಮುಟ್ಬೇಡ."

ಆಮೇಲೆ ನಿಧಾನವಾಗಿ ಹೇಳಿದರು. ಎಣ್ಮಕಜೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದಾಳೆ. ಶಾಲೆಗೆ ಒಂದು ದಿನವೂ ಬಂದವಳಲ್ಲ, ಹಾಸಿಗೆಯಿಂದ ಏಳಲಾರಳು, ಮಾತಿಲ್ಲ. ದೊಡ್ಡಮ್ಮನೇ ಮನೆಗೆ ಹೋಗಿ ಕಲಿಸುತ್ತಿದ್ದರು, ಈಗಲೂ ಹೋಗುತ್ತಾರೆ. ಆ ಆಟದಲ್ಲಿ ಯಾವ ಕೀಲಿ ಒತ್ತಿದರೂ ಬಾತುಕೋಳಿ ಕೂಗುತ್ತದೆ. ಅದಕ್ಕೊಂದೇ ಅವಳು ನಗುವುದು. ಒಮ್ಮೆ ಇವರು ತಮ್ಮ ಚಟದಂತೆ ಆಟವನ್ನು ಹೊಸದಾಗಿಸಿಕೊಂಡು ಹೋದರು. ಹೊಸ ಬಾತುಕೋಳಿಯ ಕೂಗು ಬೇರೆ ಥರ. ಅವಳು ಮತ್ತೆ ಮತ್ತೆ ಒತ್ತಿದಳು, ಕಾದಳು, ಕೊನೆಗೆ ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದೇ ಇವರು ಹಳೆಯದನ್ನು ಹುಡುಕಿ ಮತ್ತೆ ಹಾಕಿ, ಬದಲಾಗದಂತೆ ಕಟ್ಟಿಹಾಕಿದರು.

"ನಮಗೆಲ್ಲ ಹೊಸತು ಬೇಕು. ಅವಳಿಗೆ ಅದೇ ಬಾತುಕೋಳಿ ಬೇಕು" ಎಂದರು ದೊಡ್ಡಮ್ಮ.

ನಾನು 'ವೈ' ಬಿಟ್ಟು ಬೇಡವೆನ್ನುವ 'ಎನ್' ಒತ್ತಿದೆ. ಇಷ್ಟು ಕಾಲ ಇವರ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಿದ್ದ ನನ್ನ ಲ್ಯಾಪ್‌ಟಾಪನ್ನು ಕಾರಿನಿಂದ ನಾನೇ ತಂದೆ.

"ದೊಡ್ಡಮ್ಮ, ಆ ಹಳೇದನ್ನು ಇದಕ್ಕೂ ಹಾಕಿ. ನಿಮ್ಮದು ಯಾವುದಾದರೂ ಬುಧವಾರ ಕೈಕೊಟ್ಟರೆ?"

ಅವರು ಎದ್ದು ಕೈ ತೊಳೆದು ಬಂದು, ನನ್ನ ಪಕ್ಕ ಕೂತು ಸಾಲುಗಳನ್ನು ಹೇಳಿಕೊಟ್ಟರು. ಸ್ವಲ್ಪ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಿಂದಲೂ ಬಾತುಕೋಳಿ ಕೂಗಿತು. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿದರು.

"ಹಾಂ," ಎಂದರು, "ಅದೇ."